ದಿಕ್ಕು ತಪ್ಪಿಸುವ ಬಳ್ಳಿ

ಮಲೆನಾಡಿನ ಹಳೆಯ ತಲೆಗಳನ್ನು ಮಾತಿಗೆಳೆದರೆ ಒಂದು ಬಳ್ಳಿಯ ಕಥೆ ಹೇಳುತ್ತಾರೆ. ಕಾಡಿನಲ್ಲಿ ಎಲ್ಲೋ ಒಂದು ಕಡೆ ಅದು ನೆಲದ ಮೇಲೆ ಹಬ್ಬಿಕೊಂಡಿರುತ್ತದಂತೆ. ಗೊತ್ತಿಲ್ಲದೆ ದಾಟಿದವನಿಗೆ ಮಂಕು ಕವಿಯುತ್ತದೆ. ಊರಿನ ಕಡೆಗೇ ಹೋಗುತ್ತಿದ್ದೇನೆ ಎಂದುಕೊಂಡು ಸುತ್ತಿದಲ್ಲೇ ಸುತ್ತಿ, ಬೆಳಿಗ್ಗೆ ಕೂತು ಎಲೆಯಡಿಕೆ ಹಾಕಿಕೊಂಡಿದ್ದ ಬಂಡೆಯ ಹತ್ತಿರವೇ ಸಂಜೆ ಬಂದು ನಿಲ್ಲುತ್ತಾನೆ. ಆ ಬಳ್ಳಿ ನೋಡಲು ಹೇಗಿರುತ್ತದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನೋಡಿಕೊಂಡು ದಾಟಿದ್ದರೆ ದಾರಿ ಯಾಕೆ ತಪ್ಪುತ್ತಿತ್ತು ಎಂದು ಅವರೇ ನಮ್ಮನ್ನು ಕೇಳುತ್ತಾರೆ.

ಬಳ್ಳಿ ಇದೆಯೋ ಇಲ್ಲವೋ, ಸುತ್ತುವುದಂತೂ ನಿಜ. ಜರ್ಮನಿಯ ಟ್ಯೂಬಿಂಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರ ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಅಳೆದು ತೋರಿಸಿದರು. ಆರು ಜನರನ್ನು ಬೀನ್‌ವಾಲ್ಡ್ ಎಂಬ ದೊಡ್ಡ ಸಮತಟ್ಟಾದ ಕಾಡಿಗೆ ಕರೆದೊಯ್ದು, ಬೆನ್ನಿಗೆ ಜಿಪಿಎಸ್ ಕಟ್ಟಿ, ಸಾಧ್ಯವಾದಷ್ಟು ನೇರವಾಗಿ ನಡೆಯಿರಿ ಎಂದು ಬಿಟ್ಟರು. ಗಂಟೆಗಟ್ಟಲೆ ನಡೆದರು. ಇಬ್ಬರು ನಡೆದ ದಿನ ಬಿಸಿಲಿತ್ತು. ಅವರ ಹೆಜ್ಜೆಯ ಗೆರೆ ನಕ್ಷೆಯ ಮೇಲೆ ಹೆಚ್ಚುಕಡಿಮೆ ಅಳತೆಪಟ್ಟಿ ಇಟ್ಟು ಎಳೆದಂತಿತ್ತು. ಮಿಕ್ಕ ನಾಲ್ವರು ನಡೆದಾಗ ಮೋಡ ಕವಿದಿತ್ತು. ಆ ನಾಲ್ವರೂ ಸುತ್ತು ಹೊಡೆದರು. ಅವರಲ್ಲಿ ಮೂವರು ತಾವು ಆಗಲೇ ನಡೆದ ದಾರಿಯನ್ನೇ ಮತ್ತೆ ಮತ್ತೆ ದಾಟಿದರು, ಮತ್ತು ಅದು ಅವರ ಗಮನಕ್ಕೇ ಬರಲಿಲ್ಲ. ಟ್ಯುನೀಸಿಯಾದ ಮರುಭೂಮಿಯಲ್ಲಿ ರಾತ್ರಿ ನಡೆದ ಒಬ್ಬಾತ, ಚಂದ್ರ ಕಾಣುವವರೆಗೆ ಸರಿಯಾಗಿಯೇ ಹೋಗುತ್ತಿದ್ದ. ಚಂದ್ರ ಮೋಡದ ಹಿಂದೆ ಸರಿದ ಮೇಲೆ ತಿರುವಿನ ಮೇಲೆ ತಿರುವು ತೆಗೆದುಕೊಂಡು ಬಂದ ದಿಕ್ಕಿಗೇ ಮುಖ ಮಾಡಿದ.

ಇದಕ್ಕೆ ಮೊದಲು ಒಂದು ಸುಲಭದ ವಿವರಣೆ ಚಾಲ್ತಿಯಲ್ಲಿತ್ತು: ಮನುಷ್ಯನ ಒಂದು ಕಾಲು ಇನ್ನೊಂದಕ್ಕಿಂತ ತುಸು ಉದ್ದ ಅಥವಾ ಬಲಶಾಲಿ, ಆದ್ದರಿಂದ ಎತ್ತಿನಗಾಡಿಯ ಒಂದು ಚಕ್ರ ಸವೆದ ಹಾಗೆ ಒಂದೇ ಪಕ್ಕಕ್ಕೆ ವಾಲುತ್ತಾನೆ. ಕಣ್ಣಿಗೆ ಬಟ್ಟೆ ಕಟ್ಟಿ ಬಯಲಿನಲ್ಲಿ ನಡೆಸಿದಾಗ ಆ ಮಾತು ಬಿದ್ದುಹೋಯಿತು. ಒಬ್ಬನೇ ವ್ಯಕ್ತಿ ಒಮ್ಮೆ ಎಡಕ್ಕೆ ಬಾಗುತ್ತಿದ್ದ, ಇನ್ನೊಮ್ಮೆ ಬಲಕ್ಕೆ. ಆದರೆ ಬಾಗುವುದು ಮಾತ್ರ ತಪ್ಪುತ್ತಿರಲಿಲ್ಲ. ಕೆಲವರು ಹೊಡೆದ ಸುತ್ತಿನ ಅಡ್ಡಳತೆ 20 ಮೀಟರ್‌ಗೂ ಇಳಿದಿತ್ತು. ಒಂದು ಸಾಧಾರಣ ಅಡಿಕೆ ಅಂಗಳದಷ್ಟು ಜಾಗದಲ್ಲಿ ತಿರುಗುತ್ತ, ತಾನು ನೆಟ್ಟಗೆ ಹೋಗುತ್ತಿದ್ದೇನೆ ಎಂದು ನಂಬಿದ್ದ ಮನುಷ್ಯ!

ತಪ್ಪು ಕಾಲಿನದಲ್ಲ. 'ನೇರ ಅಂದರೆ ಇದು' ಎಂಬ ಅಂದಾಜನ್ನು ಮಿದುಳು ಹಲವು ಸುಳಿವುಗಳಿಂದ ಕಟ್ಟಿಕೊಳ್ಳುತ್ತದೆ. ಒಳಕಿವಿಯ ದ್ರವ ಎತ್ತ ತುಳುಕಿತು, ಕೀಲುಗಳು ಎಷ್ಟು ಬಾಗಿದವು, ಪಾದಕ್ಕೆ ನೆಲ ಹೇಗೆ ಒತ್ತಿತು. ಒಂದೊಂದರಲ್ಲೂ ಕೂದಲೆಳೆಯಷ್ಟು ತಪ್ಪಿರುತ್ತದೆ. ಅಂಗಡಿಯವನು ಪ್ರತಿ ದಿನದ ಲೆಕ್ಕದಲ್ಲಿ ನಾಲ್ಕಾಣೆ ತಪ್ಪಿ, ಆ ತಪ್ಪು ಮೊತ್ತವನ್ನೇ ಮರುದಿನದ ಪುಟದ ತಲೆಗೆ ಬರೆದುಕೊಂಡು ಹೋದ ಹಾಗೆ, ಪ್ರತಿ ಹೆಜ್ಜೆಯ ತಪ್ಪೂ ಮುಂದಿನ ಹೆಜ್ಜೆಯ ಅಡಿಪಾಯವಾಗುತ್ತದೆ. ಸೂರ್ಯನೋ ದೂರದ ಗುಡ್ಡವೋ ಕಣ್ಣಿಗೆ ಬಿದ್ದರೆ ಮಿದುಳು ಲೆಕ್ಕವನ್ನು ತಾಳೆ ನೋಡಿ ಸರಿಪಡಿಸಿಕೊಳ್ಳುತ್ತದೆ. ಹೊರಗಿನ ಗುರುತು ಮರೆಯಾದರೆ ತಾಳೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ, ಆದರೂ 'ಸರಿಯಾಗಿ ಹೋಗುತ್ತಿದ್ದೇನೆ' ಎಂಬ ಭಾವನೆ ಒಂದಿಷ್ಟೂ ಮುಕ್ಕಾಗುವುದಿಲ್ಲ. ಬಳ್ಳಿ ಇರುವುದು ಇಲ್ಲಿ.

ಈ ಪ್ರಯೋಗ ಓದುವಾಗ ನನಗೆ ಬೆಂಗಳೂರಿನ ಗೆಳೆಯನೊಬ್ಬನ ನೆನಪಾಯಿತು. ಟೀಮ್ ಲೀಡ್ ಆದ, ಮ್ಯಾನೇಜರ್ ಆದ, ಆಮೇಲೆ ಮ್ಯಾನೇಜರುಗಳ ಮ್ಯಾನೇಜರ್ ಆದ. ಪ್ರತಿ ವರ್ಷದ ಅಪ್ರೈಸಲ್‌ನಲ್ಲೂ ಮುಂದಕ್ಕೆ ಒಂದು ಹೆಜ್ಜೆ. ಹದಿನೈದು ವರ್ಷವಾದ ಮೇಲೆ ಒಂದು ದಿನ, "ಮಾರಾಯ, ನಾನು ಮೂರನೇ ವರ್ಷದಲ್ಲಿ ಮಾಡುತ್ತಿದ್ದ ಮೀಟಿಂಗನ್ನೇ ಈಗಲೂ ಮಾಡುತ್ತಿದ್ದೇನೆ, ಕೂರುವ ಕುರ್ಚಿ ಮಾತ್ರ ದೊಡ್ಡದಾಗಿದೆ" ಎಂದ. ಆತನ ಕಂಪನಿ ಇಂಥವರಿಗಾಗಿ ಊರಾಚೆಯ ರೆಸಾರ್ಟಿನಲ್ಲಿ ಎರಡು ದಿನದ ಶಿಬಿರ ಏರ್ಪಡಿಸಿತು. ನಾಯಕರಾದವರು ತಮ್ಮ ಗುರಿಯನ್ನು ಕಂಡುಕೊಳ್ಳುವ ಶಿಬಿರ. ಮೊದಲ ಸೂಚನೆಯೇ, ಎಲ್ಲರೂ ಕಣ್ಣು ಮುಚ್ಚಿ, ಒಳಗೆ ನೋಡಿಕೊಳ್ಳಿ. ಸೌಮನ್ ಅವರ ಪ್ರಯೋಗ ಗೊತ್ತಿದ್ದವರಿಗೆ ಇಲ್ಲಿ ನಗು ಬರಬೇಕು. ಕಣ್ಣು ಮುಚ್ಚಿದರೆ 20 ಮೀಟರ್!

ಹೋಲಿಕೆಯನ್ನು ಎಳೆದಾಡಬಾರದು ಎಂಬುದು ನನಗೂ ಗೊತ್ತು. ಕಾಡಿನಲ್ಲಿ ಕಾಲು ದಾರಿ ತಪ್ಪುವುದಕ್ಕೂ ವೃತ್ತಿಯಲ್ಲಿ ಮನಸ್ಸು ದಾರಿ ತಪ್ಪುವುದಕ್ಕೂ ಒಳಕಿವಿಯ ಸಂಬಂಧವೇನಿಲ್ಲ. ಒಂದರ ಪ್ರಯೋಗ ಇನ್ನೊಂದಕ್ಕೆ ಸಾಕ್ಷಿಯಾಗುವುದಿಲ್ಲ. ಆದರೆ 'ದಿಕ್ಕು ನಮ್ಮೊಳಗೇ ಇದೆ, ಅಗೆದು ತೆಗೆಯಬೇಕು ಅಷ್ಟೆ' ಎಂಬ ಶಿಬಿರದ ನಂಬಿಕೆಯನ್ನು ಮನೋವಿಜ್ಞಾನಿಗಳು ಬೇರೆಯಾಗಿಯೇ ಪರೀಕ್ಷಿಸಿದ್ದಾರೆ. ಪಾಲ್ ಓಕೀಫ್, ಕ್ಯಾರಲ್ ಡ್ವೆಕ್, ಗ್ರೆಗರಿ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಅಂಥದ್ದು. ಮನುಷ್ಯನ ಆಸಕ್ತಿ ಹುಟ್ಟಿನಿಂದಲೇ ಅಚ್ಚೊತ್ತಿ ಬಂದಿರುತ್ತದೆ ಎಂದು ನಂಬುವ ವಿದ್ಯಾರ್ಥಿಗಳು, ಆಸಕ್ತಿ ಬೆಳೆಸಿಕೊಂಡರೆ ಬೆಳೆಯುತ್ತದೆ ಎಂದು ನಂಬುವ ವಿದ್ಯಾರ್ಥಿಗಳು, ಹೀಗೆ ಎರಡು ಬಗೆಯವರು. ಕಪ್ಪುಕುಳಿಗಳ ಬಗ್ಗೆ ಒಂದು ಸೊಗಸಾದ ವಿಡಿಯೊ ತೋರಿಸಿದಾಗ ಇಬ್ಬರಿಗೂ ಖುಷಿಯೇ. ಅದರ ಬೆನ್ನಿಗೇ ಅದೇ ವಿಷಯದ ಒಂದು ಕಗ್ಗಂಟು ವೈಜ್ಞಾನಿಕ ಲೇಖನ ಓದಲು ಕೊಟ್ಟರು. ಮೊದಲ ಗುಂಪಿನವರ ಉತ್ಸಾಹ ಹೆಚ್ಚು ಇಳಿಯಿತು. ಇದು ನಿಜವಾಗಿಯೂ ನನ್ನ ದಾರಿಯಾಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ, ಇನ್ನೊಂದನ್ನು ಹುಡುಕಬೇಕು ಎಂಬ ತರ್ಕ ಅವರದು. ಒಳಗೆ ಹುಡುಕುವವರಿಗೆ ಮೊದಲ ಮುಳ್ಳು ಚುಚ್ಚುತ್ತಲೇ ದಾರಿ ಬದಲಾಗುತ್ತದೆ.

ಹಾಗಾದರೆ ಒಳಗೆ ಏನೂ ಸಿಗದವನ ಕಥೆ ಏನಾಗುತ್ತದೆ? ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಗುಜರಾತಿನ ಆಣಂದ್ ಎಂಬ ಊರಿನದು.

1949ರ ಮೇ 13ರಂದು, ಸುಡುಬೇಸಿಗೆಯಲ್ಲಿ, 27 ವರ್ಷದ ಒಬ್ಬ ಎಂಜಿನಿಯರ್ ಆ ಊರಿಗೆ ಬಂದಿಳಿದ. ಹುಟ್ಟಿದ್ದು ಕಲ್ಲಿಕೋಟೆಯಲ್ಲಿ, ಓದಿದ್ದು ಮದ್ರಾಸಿನಲ್ಲಿ. ಹಾಲಿಗೂ ಅವನಿಗೂ ಯಾವ ನಂಟೂ ಇರಲಿಲ್ಲ. ವಿದೇಶಕ್ಕೆ ಹೋಗಿ ಓದಬೇಕೆಂಬ ಆಸೆಯಿಂದ ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ, ಸಿಕ್ಕಿದ್ದು ಡೇರಿ ಎಂಜಿನಿಯರಿಂಗ್. ಅಮೆರಿಕಕ್ಕೆ ಹೋಗುವ ಮುನ್ನ ತರಬೇತಿಗೆಂದು ಕಳಿಸಿದ್ದು ನಮ್ಮ ಬೆಂಗಳೂರಿಗೆ, ಹೊಸೂರು ರಸ್ತೆಯ ಇಂಪೀರಿಯಲ್ ಡೇರಿ ಸಂಸ್ಥೆಗೆ. 1927ರಲ್ಲಿ ಗಾಂಧೀಜಿ ಬಂದು ಹಸು ಸಾಕಣೆಯ ಪಾಠ ಹೇಳಿಸಿಕೊಂಡದ್ದು ಇದೇ ಜಾಗದಲ್ಲಿ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲೂ ನಮ್ಮ ಎಂಜಿನಿಯರಿಗೆ ಹಾಲಿಗಿಂತ ಲೋಹಶಾಸ್ತ್ರವೇ ಹೆಚ್ಚು ರುಚಿಸಿತು. ವಾಪಸಾದ ಮೇಲೆ ಒಪ್ಪಂದದ ಪ್ರಕಾರ ಸರ್ಕಾರ ಹೇಳಿದಲ್ಲಿ ಕೆಲಸ ಮಾಡಬೇಕು. ಹೇಳಿದ್ದು ಆಣಂದ್, ಅಲ್ಲಿನ ಒಂದು ಸರ್ಕಾರಿ ಕ್ರೀಮರಿ. ಮಾಂಸ ತಿನ್ನುವ ಮಲಯಾಳಿ ಕ್ರೈಸ್ತ ಬ್ರಹ್ಮಚಾರಿಗೆ ಆ ಸಸ್ಯಾಹಾರಿ ಊರಿನಲ್ಲಿ ಯಾರೂ ಮನೆ ಬಾಡಿಗೆಗೆ ಕೊಡಲಿಲ್ಲ. ಒಂದು ಗ್ಯಾರೇಜಿನಲ್ಲಿ ಬಿಡಾರ ಹೂಡಿದ. ಮಾಡಲು ಹೇಳಿಕೊಳ್ಳುವಂಥ ಕೆಲಸವೂ ಇರಲಿಲ್ಲ. ನನ್ನನ್ನು ಬಿಟ್ಟುಬಿಡಿ ಎಂದು ದೆಹಲಿಗೆ ಪತ್ರದ ಮೇಲೆ ಪತ್ರ ಬರೆಯುವುದೇ ಮುಖ್ಯ ಉದ್ಯೋಗವಾಗಿತ್ತು.

ಅವರೇ ವರ್ಗೀಸ್ ಕುರಿಯನ್. ಕ್ಷೀರಕ್ರಾಂತಿಯ ಹರಿಕಾರನೆಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವಲ್ಲ, ಅವರು. ಆ ಗ್ಯಾರೇಜಿನಲ್ಲಿ ಕೂತಿದ್ದವರನ್ನು ನಿಮ್ಮ ಜೀವನದ ಗುರಿ ಏನು ಎಂದು ಯಾರಾದರೂ ಕೇಳಿದ್ದರೆ, ಮುಂಬೈ ರೈಲು ಹತ್ತುವುದು ಎನ್ನುತ್ತಿದ್ದರೇನೋ.

ಪಕ್ಕದಲ್ಲೇ ಇನ್ನೊಂದು ಸಂಸಾರ ನಡೆಯುತ್ತಿತ್ತು. ಖೇಡಾ ಜಿಲ್ಲೆಯ ಹಾಲನ್ನೆಲ್ಲ ಪೋಲ್ಸನ್ ಎಂಬ ಒಂದೇ ಖಾಸಗಿ ಡೇರಿ ಕೊಂಡು ಮುಂಬೈಗೆ ಕಳಿಸುವ ಏರ್ಪಾಡಿನ ವಿರುದ್ಧ ರೈತರು 1946ರಲ್ಲಿ 15 ದಿನ ಒಂದು ಹನಿ ಹಾಲನ್ನೂ ಮಾರದೆ ಕೂತಿದ್ದರು. ಸರ್ದಾರ್ ಪಟೇಲರ ಸಲಹೆ, ಮೊರಾರ್ಜಿ ದೇಸಾಯಿಯವರ ಓಡಾಟ, ತ್ರಿಭುವನದಾಸ್ ಪಟೇಲರ ಮುಂದಾಳತ್ವ. ಆ ವರ್ಷ ಡಿಸೆಂಬರ್ 14ರಂದು ಅವರ ಸಹಕಾರ ಸಂಘ ನೋಂದಣಿಯಾಯಿತು. ಸಂಘಕ್ಕೆ ಕ್ರೀಮರಿಯ ಕಟ್ಟಡದಲ್ಲೇ ಒಂದು ಭಾಗ ಸಿಕ್ಕಿತ್ತು, ಜೊತೆಗೆ ಗುಜರಿಗೆ ಹಾಕಬೇಕಾದ ಹಳೆಯ ಯಂತ್ರಗಳು. ಅವು ಕೆಟ್ಟಾಗಲೆಲ್ಲ ತ್ರಿಭುವನದಾಸರು ಪಕ್ಕದ ಮನೆಯಲ್ಲಿ ಸಕ್ಕರೆ ಕೇಳುವವರಂತೆ ಕುರಿಯನ್ನರ ಬಾಗಿಲು ತಟ್ಟುತ್ತಿದ್ದರು. ಬೇಜಾರು ಕಳೆಯಲು ಒಂದು ನೆಪ ಎಂದು ಇವರು ಹೋಗಿ ಸ್ಪ್ಯಾನರ್ ಹಿಡಿಯುತ್ತಿದ್ದರು. ರಿಪೇರಿ ಮಾಡಿ ಸಾಕಾಗಿ, ಹೊಸ ಪಾಶ್ಚರೀಕರಣ ಯಂತ್ರ ಕೊಂಡುಕೊಳ್ಳಿ ಎಂದು ಹೇಳಿದರು. ತ್ರಿಭುವನದಾಸರು ಸಾಲ ತಂದು ಕೊಂಡೇಬಿಟ್ಟರು. ಅಷ್ಟರಲ್ಲಿ ದೆಹಲಿಯಿಂದ ಬಿಡುಗಡೆಯ ಕಾಗದವೂ ಬಂತು. ಪೆಟ್ಟಿಗೆ ಕಟ್ಟಿದ್ದರು. ನೀವು ಹೇಳಿದಿರಿ ಅಂತ ಯಂತ್ರ ತರಿಸಿದೆವು, ಅದು ಓಡುವ ತನಕವಾದರೂ ಇರಿ ಎಂದರು ತ್ರಿಭುವನದಾಸರು. ಕೆಲವು ತಿಂಗಳಿಗೆಂದು ಉಳಿದವರು 2012ರಲ್ಲಿ ತೀರಿಕೊಳ್ಳುವವರೆಗೂ ಅದೇ ಊರಿನವರಾಗಿದ್ದರು.

ಆ ಕೆಲವು ತಿಂಗಳಲ್ಲಿ ಏನಾಯಿತು ಎಂಬುದನ್ನು ಹಾಲಿನ ಕಡೆಯಿಂದ ನೋಡಬೇಕು. ಹಾಲು ತಾಳ್ಮೆ ಇಲ್ಲದ ವಸ್ತು. ಕರೆದ ಹಾಲಿನಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಬೆಚ್ಚನೆಯ ವಾತಾವರಣ ಸಿಕ್ಕರೆ 20-30 ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತವೆ. ಗಂಟೆಗಳು ಕಳೆದಂತೆ ಸಂಖ್ಯೆ ನೂರಾಗಿ ಸಾವಿರವಾಗಿ ಲಕ್ಷವಾಗಿ, ಅವು ಹೊರಹಾಕಿದ ಆಮ್ಲಕ್ಕೆ ಹಾಲು ಒಡೆಯುತ್ತದೆ. ತಟ್ಟೆಗಳ ನಡುವೆ ಹರಿಯಿಸಿ 72 ಡಿಗ್ರಿ ಸೆಲ್ಸಿಯಸ್‌ಗೆ 15 ಸೆಕೆಂಡು ಕಾಯಿಸಿ ತಕ್ಷಣ ತಣಿಸಿದರೆ ಅವುಗಳ ಲೆಕ್ಕ ಮತ್ತೆ ತಳಕ್ಕೆ ಇಳಿಯುತ್ತದೆ. ಮುಂಬೈ ಅಲ್ಲಿಂದ ಸುಮಾರು 400 ಕಿ.ಮೀ. ದೂರ. ಹಾಲು ಅಲ್ಲಿಗೆ ಮುಟ್ಟಿದಾಗ ಒಡೆದಿತ್ತೋ ಇಲ್ಲವೋ, ಇಷ್ಟೇ ಪ್ರಶ್ನೆ. ಉತ್ತರ ಅದೇ ದಿನ ಸಿಗುತ್ತಿತ್ತು. ಮಾತಿನಿಂದ ಅದನ್ನು ಮುಚ್ಚಲಾಗುತ್ತಿರಲಿಲ್ಲ. ಒಡೆದರೆ ನಷ್ಟ ಯಾರಿಗೆಂಬುದೂ ದಿನಕ್ಕೆರಡು ಸಲ ಕಣ್ಣೆದುರೇ ಬಂದು ಸಾಲಾಗಿ ನಿಲ್ಲುತ್ತಿತ್ತು, ತಲೆಯ ಮೇಲೆ ಹಿತ್ತಾಳೆಯ ಬಿಂದಿಗೆ ಹೊತ್ತುಕೊಂಡು. ಕುರಿಯನ್ನರ ಸೂರ್ಯ ಮೂಡಿದ್ದು ಹೀಗೆ. ತಾವು ರೈತರ ನೌಕರ ಎಂದು ಅವರು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದದ್ದನ್ನು ವಿನಯದ ಮಾತೆಂದು ನಾನು ಓದುವುದಿಲ್ಲ. ಅವರಲ್ಲಿ ವಿನಯ ಅಷ್ಟೇನೂ ಇರಲಿಲ್ಲ ಎಂಬುದಕ್ಕೆ ಅವರ ಕೈಲಿ ಬೈಸಿಕೊಂಡ ಮಂತ್ರಿಗಳೇ ಸಾಕ್ಷಿ. ಅದು ದಿಕ್ಕಿನ ಗುರುತು.

ಗುರುತು ಗಟ್ಟಿಯಾಗಿದ್ದಾಗ ದಾರಿ ಎಷ್ಟು ಬೇಕಾದರೂ ಬಾಗಬಹುದು. ಎಮ್ಮೆಗಳು ಚಳಿಗಾಲದಲ್ಲಿ ಬೇಸಿಗೆಗಿಂತ ಬಹಳ ಹೆಚ್ಚು ಹಾಲು ಕೊಡುತ್ತವೆ. ಮುಂಬೈಗೆ ಅಷ್ಟು ಬೇಡ. ಉಳಿದದ್ದನ್ನು ಚೆಲ್ಲಬೇಕು, ಇಲ್ಲವೇ ರೈತನಿಗೆ ನಾಳೆ ಹಾಲು ತರಬೇಡ ಎನ್ನಬೇಕು. ಪುಡಿ ಮಾಡಿ ಇಟ್ಟುಕೊಳ್ಳೋಣವೆಂದರೆ, ಎಮ್ಮೆಯ ಹಾಲನ್ನು ಪುಡಿ ಮಾಡಲಾಗದು ಎಂದು ಹೊರದೇಶದ ಡೇರಿ ತಜ್ಞರ ತೀರ್ಪು. ಅವರು ಕಂಡಿದ್ದೆಲ್ಲ ಹಸುವಿನ ಹಾಲು. ಎಮ್ಮೆಯ ಹಾಲಿನಲ್ಲಿ ಕೊಬ್ಬು ನೂರಕ್ಕೆ ಏಳರ ಆಸುಪಾಸು, ಹಸುವಿನದರಲ್ಲಿ ನಾಲ್ಕರ ಆಸುಪಾಸು, ಘನಾಂಶವೂ ಹೆಚ್ಚು. ಕುರಿಯನ್ನರಿಗೆ ಅಮೆರಿಕದಲ್ಲಿ ಪರಿಚಯವಾಗಿದ್ದ ಎಚ್. ಎಂ. ದಲಾಯಾ ಎಂಬ ಡೇರಿ ತಂತ್ರಜ್ಞರು ಆಣಂದ್‌ಗೆ ಬಂದು ಜೊತೆಗೂಡಿದ್ದರು. ಆಗುತ್ತದೆ ಎಂದವರು ಅವರು. ಬಣ್ಣ ಸಿಂಪಡಿಸುವ ಗನ್ನನ್ನೂ ಬಿಸಿಗಾಳಿ ಊದುವ ಸಲಕರಣೆಯನ್ನೂ ಜೋಡಿಸಿ ಮಾಡಿ ತೋರಿಸಿದರಂತೆ.

ತತ್ವ ಸರಳ. ಹಾಲನ್ನು ಮೊದಲು ಗಟ್ಟಿಯಾಗಿಸಿ, ಮಂಜಿನಷ್ಟು ಸಣ್ಣ ಹನಿಗಳಾಗಿ ಬಿಸಿಗಾಳಿಯೊಳಕ್ಕೆ ಚಿಮ್ಮಿಸಬೇಕು. ಹನಿ ಸಣ್ಣದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ದೊಡ್ಡದು, ಆದ್ದರಿಂದ ನೀರು ಕ್ಷಣಗಳಲ್ಲಿ ಆರಿಹೋಗುತ್ತದೆ. ಆರುವ ನೀರೇ ಹನಿಯನ್ನು ತಂಪಾಗಿಡುವುದರಿಂದ, ಬೆವರು ನಮ್ಮನ್ನು ಕಾಯುವ ಹಾಗೆ, ಹಾಲು ಸೀಯುವುದಿಲ್ಲ. 1955ರ ಅಕ್ಟೋಬರ್ 31ರಂದು ನೆಹರೂ ಉದ್ಘಾಟಿಸಿದ ಆಣಂದ್ ಡೇರಿಯಲ್ಲಿ ಎಮ್ಮೆ ಹಾಲಿನ ಪುಡಿ ತಯಾರಾಯಿತು, ಜಗತ್ತಿನಲ್ಲೇ ಮೊದಲ ಸಲ ಕಾರ್ಖಾನೆಯ ಮಟ್ಟದಲ್ಲಿ. ಗಮನಿಸಬೇಕಾದದ್ದೆಂದರೆ, ಹಾಲಿನ ಪುಡಿ ಮಾಡುವುದು ಕುರಿಯನ್ನರ ಕನಸಾಗಿರಲಿಲ್ಲ. ರೈತನಿಗೆ 'ನಾಳೆ ತರಬೇಡ' ಎನ್ನಬಾರದು ಎಂಬ ಒಂದೇ ಹಟದಿಂದ ಪುಡಿ ಹುಟ್ಟಿತು. ಬೆಣ್ಣೆ, ಚೀಸ್, ಪಶು ಆಹಾರ ಎಲ್ಲದರ ಹಿಂದೆಯೂ ಅದೇ ಹಟ. ಅಂದಹಾಗೆ, ಕುರಿಯನ್ ಸ್ವತಃ ಹಾಲು ಕುಡಿಯುತ್ತಿರಲಿಲ್ಲ. ಹಿಡಿಸುತ್ತಿರಲಿಲ್ಲವಂತೆ.

ಫಲಾನುಭವಿಯ ಮುಖ ಕಂಡರೆ ಕೆಲಸ ಬದಲಾಗುತ್ತದೆ ಎನ್ನುವುದಕ್ಕೆ ಕುರಿಯನ್ನರ ಒಂದು ಬದುಕು ಪುರಾವೆಯಾಗಲಾರದು. ಆ್ಯಡಮ್ ಗ್ರಾಂಟ್ ಎಂಬ ಮನೋವಿಜ್ಞಾನಿ 2007ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ಅಮೆರಿಕದ ವಿಶ್ವವಿದ್ಯಾಲಯವೊಂದರ ಕಾಲ್ ಸೆಂಟರ್. ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿ ದೇಣಿಗೆ ಕೇಳುವುದು ಕೆಲಸ. ದಿನವಿಡೀ ಬೈಸಿಕೊಳ್ಳುವ ಕೆಲಸ ಎಂದರೂ ಸರಿ. ಒಂದು ಗುಂಪಿಗೆ, ಆ ದೇಣಿಗೆಯ ವಿದ್ಯಾರ್ಥಿವೇತನದಿಂದ ಓದುತ್ತಿದ್ದ ಹುಡುಗನೊಬ್ಬನನ್ನು ಕರೆತಂದು ಕೆಲವೇ ನಿಮಿಷ ಮಾತಾಡಿಸಿದರು. ಇನ್ನೊಂದು ಗುಂಪಿಗೆ ಅಂಥ ವಿದ್ಯಾರ್ಥಿಯ ಪತ್ರ ಓದಲು ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದು ತಿಂಗಳಾದ ಮೇಲೆ ನೋಡಿದರೆ, ಹುಡುಗನನ್ನು ಕಂಡವರು ಫೋನಿನಲ್ಲಿ ಕಳೆದ ಸಮಯ ಶೇ. 142ರಷ್ಟು, ತಂದ ಹಣ ಶೇ. 171ರಷ್ಟು ಏರಿತ್ತು. ಪತ್ರ ಓದಿದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಭಾಗವಹಿಸಿದವರ ಸಂಖ್ಯೆ ಚಿಕ್ಕದು, ಆದ್ದರಿಂದ ಆ ಶೇಕಡಾವಾರುಗಳನ್ನು ನಾನು ಅಕ್ಷರಶಃ ಹಿಡಿದುಕೊಳ್ಳುವುದಿಲ್ಲ. ಆದರೆ ಪತ್ರಕ್ಕೂ ಮುಖಕ್ಕೂ ಇದ್ದ ಅಂತರ ತಲೆಯಿಂದ ಹೋಗುವುದಿಲ್ಲ. ಕಂಪನಿಗಳ ಗೋಡೆಗಳ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ 'ನಮ್ಮ ಧ್ಯೇಯ' ಎಂಬ ಫಲಕಗಳೆಲ್ಲ ಪತ್ರಗಳೇ ಅಲ್ಲವೆ?

ಕನ್ನಡದವರಿಗೆ ಇದು ಹೊಸ ಸಂಗತಿಯಾಗಬಾರದು. ಆಮಿ ವ್ರೆಸ್ನೀವ್‌ಸ್ಕಿ ಮತ್ತು ಸಂಗಡಿಗರು 1997ರಲ್ಲಿ, ಜನ ತಮ್ಮ ಉದ್ಯೋಗವನ್ನು ಮೂರು ಬಗೆಯಲ್ಲಿ ಕಾಣುತ್ತಾರೆ ಎಂದು ತೋರಿಸಿದರು: ಸಂಬಳದ ದುಡಿಮೆ, ಮೇಲೇರುವ ಮೆಟ್ಟಿಲು, ಅಥವಾ ಬದುಕಿನ ಕರೆ. ಒಂದೇ ಬಗೆಯ ಗುಮಾಸ್ತೆ ಕೆಲಸ ಮಾಡುವವರಲ್ಲೂ ಮೂರೂ ಬಗೆಯವರು ಹೆಚ್ಚುಕಡಿಮೆ ಸಮನಾಗಿ ಸಿಕ್ಕಿದರು. ಮೂರನೆಯದಕ್ಕೆ ನಮ್ಮಲ್ಲಿ ಹನ್ನೆರಡನೆಯ ಶತಮಾನದಿಂದಲೂ ಒಂದು ಪದವಿದೆ, ಕಾಯಕ. ಇಂಗ್ಲಿಷಿನ ಮಾತು ಎಲ್ಲಿಂದಲೋ ಯಾರೋ ಕರೆದರು ಎನ್ನುತ್ತದೆ. ಕಲ್ಯಾಣದ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಕಟ್ಟಿದರು. ನಿನ್ನ ದುಡಿಮೆ ಯಾರ ಎಲೆಗೆ ಬಿತ್ತು ಎಂಬ ಪ್ರಶ್ನೆ ಪದದ ಜೊತೆಯಲ್ಲೇ ಬರುತ್ತದೆ. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ತನ್ನ ಪಾಡಿಗೆ ನೇರವಾಗಿಯೇ ನಡೆಯುತ್ತಿದ್ದ. ಬಾಗಿದ್ದು ಕಂಡದ್ದು ಹೊರಗೆ ನಿಂತವಳಿಗೆ.

ಇದರಲ್ಲೊಂದು ಕಹಿಯೂ ಇದೆ, ನಾಯಕತ್ವದ ಶಿಬಿರಗಳು ಅದನ್ನು ಹೇಳುವುದಿಲ್ಲ. ಬಂಡರ್ಸನ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು 2009ರಲ್ಲಿ ಅಮೆರಿಕ, ಕೆನಡಾಗಳ ಮೃಗಾಲಯಗಳಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರ ಬಗ್ಗೆ ಬರೆದರು. ಹೆಚ್ಚಿನವರು ಪದವೀಧರರು, ಸಂಬಳ ಕಡಿಮೆ, ಕೆಲಸ ಸಗಣಿ ಬಾಚುವುದರಿಂದ ಶುರು. ಇದು ನನ್ನ ಕಾಯಕ ಎಂದುಕೊಂಡವರು ಸಂತೋಷವಾಗಿದ್ದರು ನಿಜ. ಆದರೆ ಸಂಬಳ, ಸೌಕರ್ಯ, ಸ್ವಂತ ಸಮಯ ಎಲ್ಲವನ್ನೂ ಬಿಟ್ಟುಕೊಡಲು ತಯಾರಿದ್ದವರೂ ಅವರೇ, ಆದ್ದರಿಂದ ಆಡಳಿತ ಸುಲಭವಾಗಿ ಹಿಂಡಬಹುದಾದವರೂ ಅವರೇ. ನಾಯಕನಾದವನು ತನ್ನ ಜನರಿಗೆ ಧ್ಯೇಯದ ಮಾತು ಹೇಳುವಾಗ ಸಂಬಳದ ಮಾತನ್ನು ಮರೆಸುತ್ತಿದ್ದಾನೆಯೇ ಎಂದು ಕೇಳಿಕೊಳ್ಳಬೇಕು. ಸಂಘಕ್ಕೆ ಹಾಲು ಹಾಕಿದ ರೈತನ ಕೈಗೆ ಸಿಗುತ್ತಿದ್ದದ್ದು ಹಣ, ಭಾಷಣವಲ್ಲ.

ಇಷ್ಟರವರೆಗೆ ಒಬ್ಬನೇ ನಡೆಯುವವನ ಮಾತಾಯಿತು. ನಾಯಕನ ಹಿಂದೆ ಒಂದು ಗುಂಪಿರುತ್ತದೆ. ತನಗೆ ಕಂಡ ದಿಕ್ಕು ಉಳಿದವರಿಗೆ ಹೇಗೆ ದಾಟಬೇಕು?

ಜೇನುಗೂಡು ಒಡೆದು ಎರಡಾಗುವ ಕಾಲದಲ್ಲಿ ಹಳೆಯ ರಾಣಿಯೊಂದಿಗೆ ಸುಮಾರು 10 ಸಾವಿರ ನೊಣಗಳು ಹೊರಬಿದ್ದು ಯಾವುದೋ ಕೊಂಬೆಗೆ ಗಡ್ಡದಂತೆ ಜೋತುಬೀಳುತ್ತವೆ. ಹೊಸ ಮನೆ ಹುಡುಕುವುದು ಅವುಗಳಲ್ಲಿ ಕೆಲವೇ ನೂರು ಅನುಭವಿ ನೊಣಗಳು. 1949ರಲ್ಲಿ, ಕುರಿಯನ್ ಆಣಂದ್‌ನಲ್ಲಿ ಇಳಿದ ವರ್ಷವೇ, ಮಾರ್ಟಿನ್ ಲಿಂಡೌವರ್ ಎಂಬ ಯುವ ವಿಜ್ಞಾನಿ ಮ್ಯೂನಿಕ್‌ನಲ್ಲಿ ಅಂಥ ಒಂದು ಗೊಂಚಲಿನ ಮೇಲೆ ಕುಣಿಯುತ್ತಿದ್ದ ನೊಣಗಳನ್ನು ನೋಡುತ್ತ ನಿಂತರು. ಯುದ್ಧದಲ್ಲಿ ಕುಸಿದ ಊರು. ಕುಣಿಯುತ್ತಿದ್ದ ನೊಣಗಳ ಮೈಗೆ ಹೂವಿನ ಪರಾಗ ಇರಲಿಲ್ಲ. ಕೆಲವಕ್ಕೆ ಹೊಗೆಗೂಡಿನ ಮಸಿ, ಕೆಲವಕ್ಕೆ ಇಟ್ಟಿಗೆಯ ಕೆಂಪು ಧೂಳು, ಕೆಲವಕ್ಕೆ ಹಿಟ್ಟು ಮೆತ್ತಿತ್ತು. ಇವು ಮೇವಿನ ಸುದ್ದಿ ತಂದಿಲ್ಲ, ಮನೆ ನೋಡಿಕೊಂಡು ಬಂದಿವೆ ಎಂದು ಅವರಿಗೆ ಹೊಳೆಯಿತು. ಆ ಕುಣಿತದಲ್ಲೇ ಜಾಗದ ದಿಕ್ಕು, ದೂರ ಎಲ್ಲ ಅಡಗಿರುತ್ತವೆ. ಮುಂದೆ ಥಾಮಸ್ ಸೀಲಿ ದಶಕಗಳ ಕಾಲ ಈ ಮನೆಹುಡುಕಾಟವನ್ನು ಅಧ್ಯಯನ ಮಾಡಿದರು. ತೀರ್ಮಾನವಾದ ಮೇಲೆ ಇಡೀ ಗುಂಪು ಮೋಡದಂತೆ ಏಳುತ್ತದೆ. ದಾರಿ ಬಲ್ಲವು ಆ ಮೋಡದ ಮೇಲುಭಾಗದಲ್ಲಿ ಬಾಣದ ವೇಗದಲ್ಲಿ ಮುಂದಕ್ಕೆ ಹಾದು ಹೋಗುತ್ತವೆ, ಉಳಿದವು ಆ ಗೆರೆಯನ್ನು ನೋಡಿ ವಾಲುತ್ತವೆ. ರಾಣಿ? ಅದು ಬರೀ ಪ್ರಯಾಣಿಕ. ನಾಯಕತ್ವದ ಬಗ್ಗೆ ಮನುಷ್ಯರು ಬರೆದ ಎಷ್ಟೋ ಪುಸ್ತಕಗಳಿಗಿಂತ ಆ ಇಟ್ಟಿಗೆ ಧೂಳು ನನಗೆ ಹೆಚ್ಚು ಹೇಳುತ್ತದೆ. ಹೋಗಿ ಬಂದ ಗುರುತು ಮೈಮೇಲಿದ್ದವನ ಕುಣಿತಕ್ಕೇ ಅಲ್ಲಿ ಬೆಲೆ.

ಇಯಾನ್ ಕೌಜಿನ್ ಮತ್ತು ಜೊತೆಗಾರರು 2005ರಲ್ಲಿ ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಯೊಂದು, ಗುಂಪು ದೊಡ್ಡದಾದಷ್ಟೂ ಅದನ್ನು ಸರಿಯಾಗಿ ನಡೆಸಲು ಬೇಕಾದ 'ಬಲ್ಲವರ' ಪ್ರಮಾಣ ಕಡಿಮೆಯಾಗುತ್ತದೆ ಎಂದು ತೋರಿಸಿತು. ಅವರು ಯಾರೆಂದು ಉಳಿದವರಿಗೆ ಗೊತ್ತಿರಬೇಕಾಗಿಯೂ ಇಲ್ಲ. ಆಮೇಲೆ ಮನುಷ್ಯರ ಮೇಲೂ ಇದನ್ನು ನೋಡಿದರು: ಮಾತಾಡದೆ, ಸನ್ನೆ ಮಾಡದೆ ಗುಂಪಾಗಿ ನಡೆಯಬೇಕೆಂಬ ನಿಯಮದಲ್ಲಿ, 200 ಜನರ ನಡುವೆ ಗುರಿ ಗೊತ್ತಿದ್ದ ಹತ್ತು ಜನ ಸಾಕಾದರು. ತೇರಿನ ಜನಜಂಗುಳಿಯಲ್ಲಿ ಸಿಕ್ಕಿಕೊಂಡು, ಯಾರೂ ತಳ್ಳದೆ ಎಲ್ಲಿಗೋ ಹೋಗಿ ನಿಂತ ಅನುಭವ ಇರುವವರಿಗೆ ಇದು ಆಶ್ಚರ್ಯವೆನಿಸದು.

ಇನ್ನೊಂದು ಕೀಟವನ್ನು ಕರೆತರದೆ ಈ ಅಧ್ಯಾಯ ಮುಗಿಸಲಾರೆ. ಸಗಣಿ ಹುಳು. ರಾಶಿಯಿಂದ ತನ್ನ ಪಾಲನ್ನು ಉಂಡೆ ಕಟ್ಟಿ, ಹಿಂಗಾಲಿನಿಂದ ತಳ್ಳುತ್ತ, ತಲೆಕೆಳಗಾಗಿ, ಹಿಮ್ಮುಖವಾಗಿ ಓಡುತ್ತದೆ. ಎಲ್ಲಿಗೆ ಎಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಿರುವ ಅಗತ್ಯವೂ ಇಲ್ಲ. ರಾಶಿಯ ಸುತ್ತ ಕಳ್ಳರಿದ್ದಾರೆ, ಸುತ್ತು ಹೊಡೆದರೆ ಮತ್ತೆ ಅವರ ಕೈಗೇ ಸಿಗಬೇಕು, ಆದ್ದರಿಂದ ನೆಟ್ಟಗೆ ದೂರ ಹೋದರೆ ಸಾಕು. ಊರು ಬೇಡ, ದಿಕ್ಕು ಬೇಕು. ಹೊರಡುವ ಮೊದಲು ಉಂಡೆಯ ಮೇಲೆ ಹತ್ತಿ ಒಂದು ಸುತ್ತು ತಿರುಗಿ ಆಕಾಶ ನೋಡಿಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಮರೀ ಡಾಕೆ ಮತ್ತು ಸಂಗಡಿಗರು ಈ ಹುಳುಗಳ ತಲೆಗೆ ಪುಟ್ಟ ರಟ್ಟಿನ ಟೋಪಿ ಹಾಕಿ ಆಕಾಶವನ್ನು ಮರೆಮಾಡಿದರು, ತಾರಾಲಯದೊಳಗೆ ಬಿಟ್ಟು ನಕ್ಷತ್ರಗಳನ್ನು ಬೇಕೆಂದಂತೆ ಹಚ್ಚಿ ಆರಿಸಿದರು. ಚಂದ್ರನಿಲ್ಲದ ರಾತ್ರಿ ಅವು ಆಕಾಶಗಂಗೆಯ ಬೆಳಕಿನ ಪಟ್ಟಿಯನ್ನು ನೋಡಿ ದಾರಿ ಹಿಡಿಯುತ್ತವೆ ಎಂದು 2013ರಲ್ಲಿ ಪ್ರಕಟವಾದಾಗ, ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಅದಕ್ಕೆ ಸಿಕ್ಕಿತು. ನನಗೆ ಹೆಚ್ಚು ಇಷ್ಟವಾದದ್ದು ಅದೇ ತಂಡದವರ ಹಿಂದಿನ ವರ್ಷದ ಒಂದು ಸಣ್ಣ ಗಮನಿಕೆ. ದಾರಿಗೆ ಏನಾದರೂ ಅಡ್ಡ ಬಂದರೆ, ಉಂಡೆ ಕೈತಪ್ಪಿ ಉರುಳಿದರೆ, ಹುಳು ಆತುರಪಟ್ಟು ತಳ್ಳುವುದಿಲ್ಲ. ಮತ್ತೆ ಉಂಡೆ ಹತ್ತುತ್ತದೆ, ಮತ್ತೆ ಒಂದು ಸುತ್ತು ತಿರುಗಿ ಆಕಾಶ ನೋಡುತ್ತದೆ, ಆಮೇಲೆ ಇಳಿದು ಹೊರಡುತ್ತದೆ.

ಮನುಷ್ಯನಿಗೆ ಉಂಡೆ ಕೈತಪ್ಪುವ ಗಳಿಗೆಗಳಲ್ಲಿ ದೊಡ್ಡದು, ವಿಚಿತ್ರವೆನಿಸಿದರೂ, ಬಡ್ತಿ. ಹೊಸ ಕುರ್ಚಿ ಸಾಮಾನ್ಯವಾಗಿ ಗುರುತಿನಿಂದ ದೂರ ಇರುತ್ತದೆ. ಒಳ್ಳೆಯ ಮೇಷ್ಟ್ರನ್ನು ಶಿಕ್ಷಣ ಇಲಾಖೆಯ ಕಚೇರಿಗೆ ಹಾಕುತ್ತಾರೆ, ಒಳ್ಳೆಯ ಡಾಕ್ಟರನ್ನು ರೋಗಿಗಳೇ ಕಾಣದ ಕಡತಗಳ ನಡುವೆ ಕೂರಿಸುತ್ತಾರೆ.

1964ರ ಅಕ್ಟೋಬರ್‌ನಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಪಶು ಆಹಾರದ ಕಾರ್ಖಾನೆ ಉದ್ಘಾಟಿಸಲು ಆಣಂದ್ ಕಡೆಗೆ ಬಂದರು. ಅಜರಪುರ ಎಂಬ ಹಳ್ಳಿಯಲ್ಲಿ ಒಂದು ರಾತ್ರಿ ರೈತರ ನಡುವೆ ತಂಗಿದರು. ಇಲ್ಲಿನ ಮಣ್ಣಾಗಲಿ ಮಳೆಯಾಗಲಿ ಎಮ್ಮೆಯಾಗಲಿ ಬೇರೆ ಕಡೆಗಿಂತ ಹೆಚ್ಚೇನೂ ಇಲ್ಲವಲ್ಲ, ಮತ್ತೆ ಇದು ಹೇಗೆ ಗೆದ್ದಿತು ಎಂದು ಬೆಳಿಗ್ಗೆ ಕುರಿಯನ್ನರನ್ನು ಕೇಳಿದರು. ಡೇರಿ ರೈತರದ್ದೇ ಆಗಿರುವುದರಿಂದ ಎಂಬುದು ಉತ್ತರ. ಹಾಗಾದರೆ ಇದನ್ನೇ ದೇಶದ ತುಂಬ ಮಾಡಿ ಎಂದರು ಶಾಸ್ತ್ರಿ. ಯಾವ ಅಧಿಕಾರಿಗೂ ತಲೆ ತಿರುಗಿಸುವಂಥ ಬಡ್ತಿ ಅದು. ಕುರಿಯನ್ ಒಪ್ಪಿದರು, ಷರತ್ತಿನ ಮೇಲೆ: ಸಂಬಳ ರೈತರ ಸಂಘದಿಂದಲೇ ಬರಬೇಕು, ಕಚೇರಿ ದೆಹಲಿಗೆ ಹೋಗಕೂಡದು. 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಆಣಂದ್‌ನಲ್ಲೇ ಶುರುವಾಯಿತು. ನಮ್ಮ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಸಾಲು, ನಂದಿನಿ ಹಾಲಿನ ಆ ವ್ಯವಸ್ಥೆ, 1974ರ ನಂತರ ಅದೇ ಮಾದರಿಯಲ್ಲಿ ಬೆಳೆದದ್ದು.

ಶಾಸ್ತ್ರಿ ಬಂದುಹೋಗಿ ಏಳು ವರ್ಷ ಕಳೆದ ಮೇಲೆ, 1971ರ ಡಿಸೆಂಬರ್ 30ರಂದು, ವಿಕ್ರಮ್ ಸಾರಾಭಾಯಿ ಕೋವಳಂನಲ್ಲಿ ಹಠಾತ್ತನೆ ತೀರಿಕೊಂಡರು. ದೇಶದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಯಜಮಾನರಿಲ್ಲದಂತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸತೀಶ್ ಧವನ್ ಆಗ ರಜೆಯ ಮೇಲೆ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಾಠ, ಸಂಶೋಧನೆ ಮಾಡಿಕೊಂಡಿದ್ದರು. ಇಂದಿರಾ ಗಾಂಧಿಯವರಿಂದ ಕರೆ ಹೋಯಿತು. ಅವರೂ ಎರಡು ಷರತ್ತು ಹಾಕಿದರು: ಸಂಸ್ಥೆಯ ನಿರ್ದೇಶಕನಾಗಿ ಮುಂದುವರಿಯಲು ಬಿಡಬೇಕು, ಬಾಹ್ಯಾಕಾಶದ ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು. ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಕೇಂದ್ರ ಸರ್ಕಾರದ ಒಂದು ಇಡೀ ಇಲಾಖೆ ದೆಹಲಿಯ ಹೊರಗೆ ಬಂದು ಕೂತಿತು, ಮತ್ತು ಅದರ ಮುಖ್ಯಸ್ಥರು ಹುಡುಗರು ಸೈಕಲ್ ತುಳಿಯುವ ಒಂದು ಕ್ಯಾಂಪಸ್ಸಿನಲ್ಲಿ ಎಂದಿನಂತೆ ಓಡಾಡಿಕೊಂಡಿದ್ದರು.

ಆಣಂದ್‌ನ, ಬೆಂಗಳೂರಿನ ಆ ಎರಡೂ ಕಚೇರಿಗಳು ಈಗಲೂ ಅಲ್ಲೇ ಇವೆ.